ಟೆರೇಸಿನ ಮೇಲೆ ಕುಣಿದ ಮೈ ಯಾರ ಸ್ವತ್ತು?

ನಾನಿರುವ ಶ್ರೀಗಂಧದ ಕಾವಲ್‌ನಲ್ಲಿ ಈಗ ಶ್ರೀಗಂಧವೂ ಇಲ್ಲ, ಕಾವಲೂ ಇಲ್ಲ. 20×30 ಸೈಟುಗಳು, ಅದರ ಮೇಲೆ ಮೂರು ಮಹಡಿ, ಮಹಡಿಗೆರಡು ಬಾಡಿಗೆ ಮನೆ, ತುದಿಯಲ್ಲೊಂದು ಸಿಂಟೆಕ್ಸ್ ಟ್ಯಾಂಕು. ಹೋದ ತಿಂಗಳು ಒಂದು ಸಂಜೆ ಪಕ್ಕದ ಬೀದಿಯ ಅಂಥದ್ದೇ ಒಂದು ಟೆರೇಸಿನಲ್ಲಿ, ಐವತ್ತು ದಾಟಿದ ಪೂಜಾ ಕುಣಿತದ ಕಲಾವಿದರೊಬ್ಬರು ಹಳೇ ಎಕ್ಸ್‌ಬಾಕ್ಸ್ ಕಿನೆಕ್ಟ್ ಮುಂದೆ ಕುಣಿಯೋದನ್ನು ನೋಡಿದೆ. ಕಿನೆಕ್ಟನ್ನು ಪ್ಲಾಸ್ಟಿಕ್ ಕುರ್ಚಿ ಮೇಲೆ ಇಟ್ಟು, ಕುರ್ಚಿಯನ್ನು ಹಾಲೋ ಬ್ಲಾಕುಗಳ ಮೇಲೆ ನಿಲ್ಲಿಸಿದ್ದರು. ಕೆಳಗಿನ ಮನೆಯಿಂದ ಕರೆಂಟಿಗೆ ಎಕ್ಸ್‌ಟೆನ್ಷನ್ ವೈರು. ಲ್ಯಾಪ್‌ಟಾಪ್ ಪರದೆಯಲ್ಲಿ ಹಸಿರು ಗೆರೆಗಳ ಒಂದು ಅಸ್ಥಿಪಂಜರ ಅವರ ಜೊತೆಜೊತೆಗೇ ಹೆಜ್ಜೆ ಹಾಕುತ್ತಿತ್ತು.

ಇದನ್ನೆಲ್ಲ ಹೂಡಿದವನು ಅವರ ಅಕ್ಕನ ಮಗ. ವಯಸ್ಸು 23, ಬಿಸಿಎ ಮುಗಿಸಿ ಸುಂಕದಕಟ್ಟೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಅಂಗಡಿಯಲ್ಲಿ ಕೆಲಸ. ಬಿಎಂಟಿಸಿ ಕಂಡಕ್ಟರ್ ಒಬ್ಬನನ್ನು ಮುಖ್ಯ ಪಾತ್ರ ಮಾಡಿಕೊಂಡು ಕನ್ನಡದಲ್ಲೊಂದು ಆ್ಯನಿಮೇಷನ್ ಸರಣಿ ಮಾಡಬೇಕು ಅನ್ನೋದು ಅವನ ಆಸೆ. ಅದರಲ್ಲಿ ಒಂದು ಜಾತ್ರೆಯ ದೃಶ್ಯ ಬರುತ್ತೆ, ಅದಕ್ಕೆ ಮಾವ ಬೇಕು. "ಕತ್ಲಾಗೋವರ್ಗೂ ಕಾಯ್ಬೇಕು ಮಾವ, ಬಿಸ್ಲಿದ್ರೆ ಇದಕ್ಕೆ ಕಣ್ ಕಾಣಲ್ಲ" ಅಂತ ಅವರನ್ನು ಆರೂವರೆವರೆಗೂ ಕೂರಿಸಿದ್ದ. ನಿಜ. ಆ ಯಂತ್ರ ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಚುಕ್ಕಿಗಳನ್ನು ಎದುರಿಗೆ ಚೆಲ್ಲಿ, ಆ ಚುಕ್ಕಿಗಳು ಎಷ್ಟು ಸರಿದಿವೆ ಅನ್ನೋದರ ಮೇಲೆ ದೂರ ಅಳೆಯುತ್ತೆ. ಬಿಸಿಲಲ್ಲೂ ಅದೇ ಇನ್‌ಫ್ರಾರೆಡ್ ಇರೋದರಿಂದ ಹಗಲು ಹೊರಗಡೆ ಅದು ಕುರುಡು. ಹಾಗಾದರೆ ಮನೆ ಒಳಗೇ ಮಾಡಬಹುದಲ್ಲ ಅಂತ ಕೇಳಿದೆ. ಅವನು ನಕ್ಕ. ಪೂರ್ತಿ ಮೈ ಕಾಣಬೇಕು ಅಂದರೆ ಕಿನೆಕ್ಟಿನಿಂದ ಕನಿಷ್ಠ ಆರು ಅಡಿ ದೂರ ನಿಲ್ಲಬೇಕು. ಅವರ ಮನೆಯ ದೊಡ್ಡ ರೂಮು ಹತ್ತು ಬೈ ಹತ್ತು. ಅದರೊಳಗೆ ಮಂಚ, ಬೀರು, ಅಮ್ಮನ ಹೊಲಿಗೆ ಮಷೀನು. ಉಳಿದ ಜಾಗದಲ್ಲಿ ಕೈ ಎತ್ತಿದರೆ ಫ್ಯಾನು.

ಮಾವ ಪೂಜೆಯನ್ನು ತಲೆ ಮೇಲೆ ಹೊತ್ತರು. ಗೊತ್ತಿಲ್ಲದವರಿಗೆ: ಪೂಜೆ ಅಂದರೆ ಬಿದಿರಿನ ಚೌಕಟ್ಟು, ಅದಕ್ಕೆ ಸೀರೆಗಳ ಅಲಂಕಾರ, ಮುಂದೆ ದೇವಿಯ ಮುಖ. ಅದನ್ನು ಹೊತ್ತು, ಕೈ ಬಿಟ್ಟು, ತಮಟೆ ಗತ್ತಿಗೆ ಕುಣಿಯಬೇಕು. ಹೊತ್ತ ಕ್ಷಣಕ್ಕೇ ಪರದೆ ಮೇಲಿನ ಅಸ್ಥಿಪಂಜರ ಹುಚ್ಚೆದ್ದು ಹೋಯಿತು. ಚೌಕಟ್ಟನ್ನು ಎತ್ತಿದ ಕೈ ಅಂದುಕೊಂಡು ತೋಳುಗಳನ್ನು ಆಕಾಶಕ್ಕೆ ಚಾಚಿತು, ಸೀರೆಗಳ ಹಿಂದೆ ಮರೆಯಾದ ಮಂಡಿಯನ್ನು ಹಿಂದುಮುಂದಾಗಿ ಮಡಚಿತು. ಎಲ್ಲರೂ ನಕ್ಕೆವು. "ಪೂಜೆ ಇಳಿಸ್ಬಿಟ್ಟು ಬರೀ ಹೆಜ್ಜೆ ಹಾಕು ಮಾವ" ಅಂದ ಹುಡುಗ. ಅವರು ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು. "ಹಂಗೆಲ್ಲ ಬರಲ್ಲ ಕಣ್ಲಾ. ಭಾರ ತಲೆ ಮೇಲಿದ್ರೆ ತಾನೆ ಕಾಲಿಗೆ ಗೊತ್ತಾಗದು?" ಕೊನೆಗೆ ಕೆಳಗಿನಿಂದ ರೇಷನ್ ಅಕ್ಕಿ ಚೀಲ ಬಂತು. ಅದನ್ನು ತಲೆ ಮೇಲಿಟ್ಟುಕೊಂಡು ಕುಣಿದರು. ಹೆಜ್ಜೆ ಬಂತು, ಅಸ್ಥಿಪಂಜರವೂ ತೆಪ್ಪಗೆ ಹಿಂಬಾಲಿಸಿತು.

ನನಗೆ ಈ ಪೆಟ್ಟಿಗೆಯ ಜೊತೆ ಹಳೇ ನಂಟಿದೆ. ಇಂಜಿನಿಯರಿಂಗ್ ಕೊನೇ ವರ್ಷದಲ್ಲಿ ನಮ್ಮ ನಾಲ್ಕು ಜನರ ಪ್ರಾಜೆಕ್ಟ್ ಇದರ ಮೇಲೇ ಇತ್ತು. ಕೈಸನ್ನೆ ಗುರುತಿಸುವ ಪ್ರೋಗ್ರಾಂ. ಆ ಕಾಲಕ್ಕೆ ಅರ್ಧ ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಯಾರೋ ಒಬ್ಬರು ಇದನ್ನೇ ಮಾಡ್ತಿದ್ದರು ಅನ್ಸುತ್ತೆ. ಮೈಕ್ರೋಸಾಫ್ಟ್ ಕಿನೆಕ್ಟನ್ನು 2010ರ ನವೆಂಬರಿನಲ್ಲಿ 150 ಡಾಲರಿಗೆ ಬಿಟ್ಟಾಗ ಅದು ಆಟದ ಸಾಮಾನು. ಆದರೆ ಕೆಲವೇ ದಿನಗಳಲ್ಲಿ ಹೊರಗಿನ ಹವ್ಯಾಸಿಗಳು ಅದರ ಡ್ರೈವರ್ ಬಿಡಿಸಿ ಎಲ್ಲರಿಗೂ ಹಂಚಿದರು, ಅದಕ್ಕೊಂದು ಬಹುಮಾನವನ್ನೂ ಇಟ್ಟಿದ್ದರು. ಮೊದಲು ಸಿಡುಕಿದ ಕಂಪನಿ ಮರುವರ್ಷ ತಾನೇ ಎಸ್‌ಡಿಕೆ ಕೊಟ್ಟಿತು. ಅಲ್ಲಿಯವರೆಗೆ ಮೈಯ ಚಲನೆ ಹಿಡಿಯೋದು ಅಂದರೆ ದೊಡ್ಡ ಹಾಲು, ಸುತ್ತ ಹತ್ತಾರು ಕ್ಯಾಮೆರಾ, ಮೈಗಂಟಿದ ಬಟ್ಟೆ ಮೇಲೆ ಬೆಳಕು ಹೊಳೆಯುವ ಗುಂಡುಗಳು. ಹಾಲಿವುಡ್ಡಿನವರ ಸಾಮಾನು ಅದು. ನಮ್ಮ ಪಕ್ಕದ ಚೆನ್ನೈಯ ಪೆಂಟಾಮೀಡಿಯಾ ಸೇರಿ ಮಾಡಿದ 'ಸಿಂದಬಾದ್' ಆ್ಯನಿಮೇಷನ್ ಚಿತ್ರ 2000ದಲ್ಲೇ ಪೂರ್ತಿ ಮೋಷನ್ ಕ್ಯಾಪ್ಚರಿನಲ್ಲಿ ಬಂದಿತ್ತು ಅನ್ನೋದು ಈಗ ಯಾರಿಗೂ ನೆನಪಿಲ್ಲ. 2014ರಲ್ಲಿ ರಜನಿಕಾಂತರ 'ಕೋಚ್ಚಡೈಯಾನ್' ಬಂತು, ಜನ ಬೊಂಬೆಯಾಟ ಅಂತ ನಕ್ಕರು. ಅಷ್ಟೆಲ್ಲ ದುಡ್ಡು ಸುರಿದರೂ ಹಾಗಿತ್ತು ಪರಿಸ್ಥಿತಿ.

ಈಗ? ಎಸ್‌ಪಿ ರೋಡಿನಲ್ಲಿ ಅವನು ಆ ಹಳೇ ಕಿನೆಕ್ಟನ್ನು ಒಂದೂವರೆ ಸಾವಿರಕ್ಕೆ ತಂದಿದ್ದಾನೆ. ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರ್ ಬೇರೆ ಹುಡುಕಬೇಕಾಯಿತಂತೆ. ಅದರ ತಯಾರಿಕೆ ನಿಂತು ವರ್ಷಗಳಾದವು, ಆದರೆ ಇಂಥ ಸಾಮಾನು ಸಾಯೋದೇ ಇಲ್ಲ, ಕೈ ಬದಲಾಯಿಸುತ್ತಾ ಇರುತ್ತೆ. ಅದರ ಒಳಗಿನ ತಂತ್ರ ಕೊಟ್ಟ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯನ್ನು 2013ರಲ್ಲಿ ಆ್ಯಪಲ್ ಕೊಂಡಿತು. ನಿಮ್ಮ ಮುಖ ನೋಡಿ ಲಾಕ್ ತೆಗೆಯುವ ಐಫೋನು ಅದೇ ವಂಶದ್ದು.

ಅಗ್ಗದ ದಾರಿಗಳು ಇವತ್ತು ಎರಡು. ಒಂದು, ಮೈಗೆ ಸೆನ್ಸರ್ ಕಟ್ಟಿಕೊಳ್ಳೋದು. ನಿಮ್ಮ ಫೋನನ್ನು ಅಡ್ಡ ಹಿಡಿದರೆ ಪರದೆ ತಿರುಗುತ್ತಲ್ಲ, ಆ ಥರದ ಚಿಪ್ಪುಗಳೇ ಇವು. ಸೋನಿಯ ಮೊಕೋಪಿ 2023ರ ಜನವರಿಯಲ್ಲಿ ಜಪಾನಿನಲ್ಲಿ 49,500 ಯೆನ್‌ಗೆ ಬಂತು, ಆಗಿನ ಲೆಕ್ಕಕ್ಕೆ ಸುಮಾರು ಮೂವತ್ತು ಸಾವಿರ ರೂಪಾಯಿ. ಎಂಟೆಂಟು ಗ್ರಾಂ ತೂಕದ ಆರು ಗುಂಡಿ, ಅಷ್ಟೆ. ಇನ್ನೂ ಅಗ್ಗಕ್ಕೆ ಬೇಕಾದರೆ ಸ್ಲೈಮ್‌ವಿಆರ್ ಅನ್ನುವ ಮುಕ್ತ ತಂತ್ರಾಂಶದ ಯೋಜನೆಯಿದೆ. ಇನ್ನೂರು ಮುನ್ನೂರು ರೂಪಾಯಿಯ ವೈಫೈ ಬೋರ್ಡು, ಒಂದು ಚಲನೆಯ ಸೆನ್ಸರ್, ಒಂದು ಬ್ಯಾಟರಿ ಸೇರಿಸಿ ಕೈಯಲ್ಲೇ ಬೆಸುಗೆ ಹಾಕಿಕೊಳ್ಳಬಹುದು. ಹುಡುಗ ಆರು ಮಾಡಿದ್ದ. ಅಗ್ಗದ ಸೆನ್ಸರ್ ಹಾಕಿದ್ದರಿಂದ ಐದು ನಿಮಿಷಕ್ಕೆ ದಿಕ್ಕು ತಪ್ಪುತ್ತೆ, ಪಾತ್ರ ನಿಂತಲ್ಲೇ ನಿಧಾನಕ್ಕೆ ಗಿರಕಿ ಹೊಡೆಯುತ್ತೆ. ಒಳ್ಳೇ ಸೆನ್ಸರ್ ಒಂದಕ್ಕೇ ಸಾವಿರ ದಾಟುತ್ತೆ. ದಿಕ್ಸೂಚಿ ಇರುವ ಸೆನ್ಸರಾದರೆ ಮೋಟರು, ಕಬ್ಬಿಣ ಹತ್ತಿರ ಇದ್ದಾಗ ಗಲಿಬಿಲಿಯಾಗುತ್ತೆ. ಅವರ ಬಿಲ್ಡಿಂಗಿನ ಗ್ರೌಂಡ್ ಫ್ಲೋರಿನಲ್ಲಿ ಒಂದು ಲೇತ್ ವರ್ಕ್‌ಶಾಪಿದೆ, ಗೋಡೆಯಾಚೆಯೂ ಒಂದಿದೆ. ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆವರೆಗೆ ಬಾಳುವವರಿಗೆ ಉತ್ತರ ದಿಕ್ಕು ಯಾವುದು ಅಂತ ಚಿಪ್ಪಿಗೂ ಗೊತ್ತಾಗಲ್ಲ.

ಎರಡನೇದು, ಬರೀ ಕ್ಯಾಮೆರಾ. ಫೋನಿನಲ್ಲಿ ವಿಡಿಯೋ ತೆಗೆದು ಕೊಟ್ಟರೆ ಕೃತಕ ಬುದ್ಧಿಮತ್ತೆ ಕೀಲುಗಳನ್ನು ಊಹಿಸಿ ಕೊಡುತ್ತೆ. ಗೂಗಲಿನ ಮೀಡಿಯಾಪೈಪ್ ಮೈಯಲ್ಲಿ 33 ಬಿಂದುಗಳನ್ನು ಸಾಧಾರಣ ಫೋನಿನಲ್ಲೇ, ಪುಕ್ಕಟೆಯಾಗಿ ಹಿಡಿಯುತ್ತೆ. ಬ್ಲೆಂಡರ್ ಕೂಡ ಪುಕ್ಕಟೆ. ಅಂದರೆ ಲ್ಯಾಪ್‌ಟಾಪೊಂದು ಇದ್ದವರಿಗೆ ಖರ್ಚು ಸೊನ್ನೆ. ಆದರೆ ಊಹೆ ಯಾವುದರ ಮೇಲೆ ನಿಂತಿದೆ ಅನ್ನೋದು ಇಲ್ಲಿ ಮುಖ್ಯ. ಇಂಥ ಮಾಡೆಲುಗಳನ್ನು ಪಳಗಿಸಲು ವರ್ಷಗಟ್ಟಲೆ ಬಳಸಿದ ಹ್ಯೂಮನ್ 3.6ಎಂ ಅನ್ನುವ ದತ್ತಾಂಶ ಇದೆ. ರೊಮೇನಿಯಾದ ಪ್ರಯೋಗಾಲಯದಲ್ಲಿ 11 ನಟರಿಂದ ಮಾಡಿಸಿದ 36 ಲಕ್ಷ ಭಂಗಿಗಳು. ಸಿಗರೇಟು ಸೇದೋದು, ಫೋನಲ್ಲಿ ಮಾತಾಡೋದು, ನಾಯಿಯನ್ನು ವಾಕಿಂಗ್ ಕರಕೊಂಡು ಹೋಗೋದು ಎಲ್ಲ ಇದೆ. ಪಂಚೆ ಎತ್ತಿ ಕಟ್ಟೋದು, ಸೀರೆ ನೆರಿಗೆ ಹಿಡಿದು ಮೆಟ್ಟಿಲು ಹತ್ತೋದು ಇಲ್ಲ. ನಾನೇ ಪಂಚೆ ಉಟ್ಟು ನನ್ನ ಫೋನಿನಲ್ಲಿ ಪ್ರಯತ್ನಿಸಿದೆ. ಎರಡು ಕಾಲೂ ಸೇರಿ ಒಂದಾಗಿ, ಪರದೆಯಲ್ಲಿ ನಾನು ಮತ್ಸ್ಯಕನ್ಯೆ ಥರ ತೇಲುತ್ತಿದ್ದೆ. ಜೀನ್ಸ್ ಹಾಕಿಕೊಂಡ ಮೇಲೆ ಸರಿಹೋಯಿತು. ಇದರಲ್ಲಿ ಯಾರ ಪಿತೂರಿಯೂ ಇಲ್ಲ. ಯಾರ ಮೈ ದತ್ತಾಂಶದಲ್ಲಿ ಇರಲಿಲ್ಲವೋ ಅವರ ಮೈ ಯಂತ್ರಕ್ಕೆ ಅರ್ಥವಾಗಲ್ಲ, ಅಷ್ಟೆ ಸರಳ. ಇಷ್ಟರಿಂದಲೇ ಒಂದು ರಾಜಕೀಯ ಹುಟ್ಟುತ್ತೆ.

ತುಟಿಗೂ ಇದೇ ಕತೆ. ಮಾತಿಗೆ ತಕ್ಕ ಹಾಗೆ ಪಾತ್ರದ ಬಾಯಿ ಆಡಿಸುವ ಪುಕ್ಕಟೆ ತಂತ್ರಾಂಶ ರುಬಾರ್ಬ್ ಇಂಗ್ಲಿಷಿಗೆ ಒಂದು ವಿಧಾನ ಇಟ್ಟುಕೊಂಡಿದೆ, ಬಾಕಿ ಲೋಕದ ಭಾಷೆಗಳಿಗೆಲ್ಲ ಸೇರಿ ಇನ್ನೊಂದು. ಕಂಡಕ್ಟರ್ "ಒಂದೇ ಒಂದ್ ಸೀಟಿದೆ ಬನ್ನಿ" ಅಂದರೆ ಅವನ ಬಾಯಿ ಒಂದು ಘಳಿಗೆ ತಡವಾಗಿ ತೆರೆಯುತ್ತೆ. ಹ್ರಸ್ವ ದೀರ್ಘದ ಲೆಕ್ಕ ತಪ್ಪಿದರೆ ಕನ್ನಡ ಕನ್ನಡದಂತೆ ಕಾಣಲ್ಲ. ಹುಡುಗ ಈಗ ಕ್ಯಾಮೆರಾ ಮುಂದೆ ತಾನೇ ಮಾತಾಡಿ ತನ್ನ ತುಟಿಯನ್ನೇ ಪಾತ್ರಕ್ಕೆ ಕೊಡುತ್ತಿದ್ದಾನೆ. ನನ್ನ ತಲೆಮಾರಿನವರು ಹಿಂದಿ ಕಾರ್ಟೂನ್ ನೋಡಿ ಬೆಳೆದವರು. ಡಬ್ಬಿಂಗಿಗೆ ನಮ್ಮಲ್ಲಿದ್ದ ಅಘೋಷಿತ ನಿಷೇಧ ಎಷ್ಟು ವರ್ಷ ನಡೆಯಿತು, 2015ರಲ್ಲಿ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕೋ ತನಕ ಹೇಗೆ ಎಳೆದಾಡಿತು ಅನ್ನೋದು ನಿಮಗೆ ಗೊತ್ತು. ಡಬ್ಬಿಂಗ್ ಬೇಡ ಅಂದವರ ವಾದ, ನಮ್ಮದನ್ನು ನಾವೇ ಮಾಡೋಣ ಅಂತ ಇತ್ತು. ಸರಿ. ನಾವೇ ಮಾಡೋಕೆ ಹೊರಟವನಿಗೆ ಆರು ಅಡಿ ಜಾಗ ಯಾರು ಕೊಡ್ತಾರೆ?

ಈಗ ಸರ್ಕಾರದ ಕಡೆ ಬರೋಣ. ಆ್ಯನಿಮೇಷನ್, ವಿಎಫ್ಎಕ್ಸ್, ಗೇಮಿಂಗ್, ಕಾಮಿಕ್ಸ್‌ಗೆ ಅಂತಲೇ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ, 2012ರಲ್ಲಿ. ಈಗಿರೋದು 2024ರಿಂದ 2029ರ ಎವಿಜಿಸಿ-ಎಕ್ಸ್‌ಆರ್ ನೀತಿ. ಅದಕ್ಕೆ 150 ಕೋಟಿ ರೂಪಾಯಿ, ಗುರಿ 30,000 ಉದ್ಯೋಗ. ಶ್ರೇಷ್ಠತಾ ಕೇಂದ್ರ ಇರೋದು ಮಹದೇವಪುರದಲ್ಲಿ. ಕೇಂದ್ರ ಸರ್ಕಾರದ್ದು 2022ರ ಬಜೆಟ್ಟಿನಲ್ಲಿ ಕಾರ್ಯಪಡೆ ಅಂತ ಶುರುವಾಗಿ, ಕೊನೆಗೆ ಸಂಸ್ಥೆ ಮುಂಬೈಗೆ ಹೋಯಿತು. ಮಹದೇವಪುರ ನಮ್ಮೂರಲ್ಲೇ ಇದೆ ಅಂತೀರಾ? ಸುಂಕದಕಟ್ಟೆಯಿಂದ ಬಸ್ಸು ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಎರಡು ಗಂಟೆಯಾದ ಮೇಲೆ ಮಾತಾಡಿ. ಮಾಗಡಿ ರಸ್ತೆಯ ಮೆಟ್ರೋಗೆ 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ಸಿಕ್ಕಿದೆ, ಅದರಲ್ಲಿ ಕೂತು ಹೋಗುವಷ್ಟರಲ್ಲಿ ಇವನಿಗೆ ಮೂವತ್ತಾಗಿರುತ್ತೆ.

ಆ ಕೇಂದ್ರ ಬೇಡ ಅಂತ ನಾನು ಹೇಳ್ತಿಲ್ಲ. ಸ್ಟಾರ್ಟಪ್ಪುಗಳಿಗೆ, ಹೊರದೇಶದ ಸಿನಿಮಾಗಳ ಕೆಲಸ ಮಾಡುವ ಸ್ಟುಡಿಯೋಗಳಿಗೆ ಅದು ಬೇಕು. ಆದರೆ ನೀತಿಯ ಕಣ್ಣಿಗೆ ಕಾಣುವ ಮನುಷ್ಯ ಒಬ್ಬನೇ: ಕಂಪನಿ ನೋಂದಾಯಿಸಿದವನು, ಇಲ್ಲವೇ ಆ ಕಂಪನಿಯಲ್ಲಿ ಕೆಲಸ ಬೇಡುವವನು. ಟೆರೇಸಿನ ಮೇಲಿನವನು ಈ ಎರಡೂ ಅಲ್ಲ. ಅವನಿಗೆ ಸಬ್ಸಿಡಿ ಬೇಡ, ಹದಿನೈದು ಬೈ ಇಪ್ಪತ್ತರ ಒಂದು ಖಾಲಿ ರೂಮು ಬೇಕು. ಸಂಜೆ ಹೊತ್ತು ಬೀಗ ಹಾಕಿಕೊಂಡಿರುವ ಸರ್ಕಾರಿ ಶಾಲೆಯ ಕೊಠಡಿ ಸಾಕು, ವಾರ್ಡಿನ ಸಮುದಾಯ ಭವನ ಸಾಕು. ಅದರಲ್ಲಿ ನಾಲ್ಕು ಕ್ಯಾಮೆರಾ, ಒಂದು ಒಳ್ಳೇ ಕಂಪ್ಯೂಟರ್, ಒಂದು ಸೆಟ್ಟು ಒಳ್ಳೇ ಸೆನ್ಸರ್ ಇಟ್ಟರೆ ಒಂದು ಕಾರಿನ ದುಡ್ಡೂ ಆಗಲ್ಲ. ಗ್ರಂಥಾಲಯ ಕರ ಅಂತ ನಾವೆಲ್ಲ ಆಸ್ತಿ ತೆರಿಗೆ ಜೊತೆ ಕಟ್ಟುತ್ತೇವಲ್ಲ, ಅದರಲ್ಲಿ ಪುಸ್ತಕದ ಪಕ್ಕದಲ್ಲೇ ಇಂಥದ್ದೊಂದು ರೂಮು ಯಾಕಾಗಬಾರದು? ಪಶ್ಚಿಮ ನಗರ ಪಾಲಿಕೆ ಅಂತ ಹೊಸದಾಗಿ ಬೋರ್ಡು ಬಂದಿದೆ. ನಮ್ಮ ವಾರ್ಡಿಗೆ ವೋಟು ಕೇಳೋಕೆ ಬಂದವರನ್ನು ನಾನಂತೂ ಇದನ್ನು ಕೇಳ್ತೀನಿ. ಚರಂಡಿ ಕೇಳಿದ ಮೇಲೆ.

ಮಾರುಕಟ್ಟೆ ಇಲ್ಲ ಅನ್ನೋ ಮಾತಂತೂ ಇನ್ನು ನಡೆಯಲ್ಲ. ನಮ್ಮ ಹೊಂಬಾಳೆಯವರು ಅರ್ಪಿಸಿದ 'ಮಹಾವತಾರ್ ನರಸಿಂಹ' 2025ರ ಜುಲೈನಲ್ಲಿ ಬಂದು 300 ಕೋಟಿ ದಾಟಿತು. ಅದೇ ವರ್ಷ ಬೆಂಗಳೂರಿನಲ್ಲೇ ಸುಮಾರು 10 ಲಕ್ಷದಲ್ಲಿ ಎಐನಿಂದಲೇ ಮಾಡಿದ 'ಲವ್ ಯೂ' ಅನ್ನುವ ಕನ್ನಡ ಚಿತ್ರಕ್ಕೆ ಸೆನ್ಸಾರ್ ಸರ್ಟಿಫಿಕೇಟೂ ಸಿಕ್ಕಿತು. ಎರಡರ ನಡುವೆ ಎಲ್ಲೋ ಈ ಟೆರೇಸಿದೆ.

ಇಲ್ಲಿವರೆಗೆ ಓದಿ, ಜಾಗ ಕೊಟ್ಟರೆ, ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತೆ ಅಂತ ನಿಮಗನಿಸಿದರೆ ತಪ್ಪಿಲ್ಲ. ನಾನೂ ಹಾಗೇ ಅಂದುಕೊಂಡು ಹೋಗಿದ್ದೆ. ಆಮೇಲೆ ಅವನು ಒಂದು ಇಮೇಲ್ ತೋರಿಸಿದ.

ಫ್ರೀಲಾನ್ಸ್ ಕೆಲಸ ಸಿಗುವ ಸೈಟಿನಲ್ಲಿ ಯಾವುದೋ ದೇಶದ ಗಿರಾಕಿ. ಭಾರತದ ಜಾನಪದ ಕುಣಿತದ 40 ತುಣುಕು ಬೇಕು, ತುಣುಕಿಗೆ 300 ರೂಪಾಯಿ, ಒಟ್ಟು 12,000. ಕಳಿಸಬೇಕಾದ್ದು ವಿಡಿಯೋ ಅಲ್ಲ, ಚಲನೆಯ ಫೈಲು ಮಾತ್ರ. ಕೆಳಗೆ ಸಣ್ಣ ಅಕ್ಷರದಲ್ಲಿ: ಎಲ್ಲ ಹಕ್ಕುಗಳೂ, ಎಲ್ಲ ಮಾಧ್ಯಮಕ್ಕೂ, ಶಾಶ್ವತವಾಗಿ, ಯಂತ್ರಗಳಿಗೆ ಕಲಿಸುವುದೂ ಸೇರಿ.

ಆ ಫೈಲು ಹೇಗಿರುತ್ತೆ ಅಂತ ನೋಡಿದ್ದೀರಾ? ಬಿವಿಎಚ್ ಅಂತ ಅದರ ಹೆಸರು. ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಮೇಲೆ ಮೂಳೆಗಳ ವಂಶವೃಕ್ಷ, ಸೊಂಟದಿಂದ ಶುರು. ಕೆಳಗೆ ಬರೀ ಅಂಕಿ. ಇಪ್ಪತ್ತು ಕೀಲು, ಒಂದೊಂದಕ್ಕೆ ಮೂರು ಕೋನ, ಸೊಂಟ ಎಲ್ಲಿದೆ ಅನ್ನೋದಕ್ಕೆ ಇನ್ನು ಮೂರು. ಒಟ್ಟು 63 ಸಂಖ್ಯೆಯ ಸಾಲು, ಸೆಕೆಂಡಿಗೆ ಮೂವತ್ತು ಸಾಲು. ಒಂದು ನಿಮಿಷದ ಕುಣಿತ ಅಂದರೆ 1,800 ಸಾಲು, ಒಂದು ಲಕ್ಷದ ಹದಿಮೂರು ಸಾವಿರ ಚಿಲ್ಲರೆ ಅಂಕಿ, ಒಂದು ಎಂಬಿಯ ಒಳಗೇ ಮುಗಿಯುತ್ತೆ. ಮೂವತ್ತು ವರ್ಷ ಅಣ್ಣಮ್ಮನ ಉತ್ಸವಗಳಲ್ಲಿ ರಾತ್ರಿಯೆಲ್ಲ ಕುಣಿದು ಪಳಗಿದ ಮೈ ವಾಟ್ಸಾಪ್‌ನಲ್ಲಿ ಬರುವ ಗುಡ್ ಮಾರ್ನಿಂಗ್ ಫೋಟೋದಷ್ಟು ತೂಕ.

ಕಾನೂನು ಏನನ್ನುತ್ತೆ? ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಅಂತ ಇದೆ. ಪ್ರದರ್ಶಕ ಯಾರು ಅನ್ನೋ ಪಟ್ಟಿ ಉದಾರವಾಗಿದೆ: ನಟ, ಗಾಯಕ, ನರ್ತಕ, ದೊಂಬರಾಟದವ, ಹಾವಾಡಿಗನವರೆಗೂ. 2012ರ ತಿದ್ದುಪಡಿ ಇದನ್ನು ಇನ್ನಷ್ಟು ಗಟ್ಟಿ ಮಾಡಿ, ಪ್ರದರ್ಶಕರು ತಮ್ಮ ಹೆಸರು ಹಾಕಿ ಅಂತ ಕೇಳುವ ನೈತಿಕ ಹಕ್ಕನ್ನೂ ಸೇರಿಸಿತು. ಮಾವ ಖಂಡಿತ ಪ್ರದರ್ಶಕರು. ಆದರೆ ಆ ಹಕ್ಕು ಅಂಟಿಕೊಳ್ಳೋದು ಧ್ವನಿ ಮುದ್ರಣಕ್ಕೆ, ದೃಶ್ಯ ಮುದ್ರಣಕ್ಕೆ. ದೃಶ್ಯ ಮುದ್ರಣ ಅಂದರೆ ಚಲಿಸುವ ಚಿತ್ರಗಳು ಅಥವಾ ಅವುಗಳ ಪ್ರತಿರೂಪ ಅಂತ ಕಾಯ್ದೆ ವಿವರಿಸುತ್ತೆ. 63 ಅಂಕಿಯ ಸಾಲು ಚಿತ್ರವೇ? ಪ್ರತಿರೂಪವೇ? ವಕೀಲರು ಎರಡೂ ಕಡೆ ವಾದಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಆ ಫೈಲಿನಿಂದ ಕುಣಿತವನ್ನು ಮತ್ತೆ ಕಣ್ಣಿಗೆ ತರಬಹುದಾದ್ದರಿಂದ ಅದು ಪ್ರತಿರೂಪವೇ. ಆದರೆ 12,000 ರೂಪಾಯಿ ವ್ಯವಹಾರಕ್ಕೆ ಯಾರು ಹೈಕೋರ್ಟ್ ಮೆಟ್ಟಿಲು ಹತ್ತುತ್ತಾರೆ?

ಹೊರಗಡೆ ಹತ್ತಿದ್ದಾರೆ. ಫೋರ್ಟ್‌ನೈಟ್ ಆಟದಲ್ಲಿ ತಮ್ಮ ಕುಣಿತವನ್ನು ಹೇಳದೆ ಕೇಳದೆ ಮಾರಿದರು ಅಂತ 2018ರ ಕೊನೆಯಲ್ಲಿ ರ್‍ಯಾಪರ್ 2 ಮಿಲ್ಲಿ, ನಟ ಆಲ್ಫೋನ್ಸೋ ರಿಬೈರೋ ಎಪಿಕ್ ಗೇಮ್ಸ್ ಮೇಲೆ ಕೇಸು ಹಾಕಿದರು. ಸಣ್ಣ ಸಣ್ಣ ಹೆಜ್ಜೆಗೆಲ್ಲ ಕೃತಿಸ್ವಾಮ್ಯ ಇಲ್ಲ ಅಂತ ಅಮೆರಿಕದ ಕಚೇರಿ ಹೇಳಿದ ಮೇಲೆ ಅವು ಬಿದ್ದವು. ಆದರೆ ನೃತ್ಯ ಸಂಯೋಜಕ ಕೈಲ್ ಹನಗಾಮಿ ಬಿಡಲಿಲ್ಲ. 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕೇಸಿಗೆ ಮರುಜೀವ ಕೊಟ್ಟಿತು, ಮರುವರ್ಷ ರಾಜಿಯಾಯಿತು. ಹನಗಾಮಿ ತಾವು ಸಂಯೋಜಿಸಿದ್ದು ಅಂತ ನೋಂದಣಿ ಮಾಡಿಸಿದ್ದರು. ಪೂಜಾ ಕುಣಿತವನ್ನು ಯಾರ ಹೆಸರಿಗೆ ನೋಂದಾಯಿಸೋದು? ಅದು ಊರಿನದು, ದೇವಿಯದು. ತಮಟೆ ಬಡಿಯುವ ಕೈಗಳು ಯಾವ ಕೇರಿಯವು ಅನ್ನೋದನ್ನೂ ಮರೆಯಬೇಡಿ. ಎಲ್ಲರದ್ದೂ ಆದದ್ದು ಕಾನೂನಿನಲ್ಲಿ ಯಾರದ್ದೂ ಅಲ್ಲ ಅಂತಾಗುತ್ತೆ, ಯಾರದ್ದೂ ಅಲ್ಲದ್ದನ್ನು ಮೊದಲು ಬಂದವನು ಎತ್ತಿಕೊಂಡು ಹೋಗುತ್ತಾನೆ.

ದತ್ತಾಂಶ ರಕ್ಷಣೆಯ ಕಾಯ್ದೆ ಬಂದಿದೆಯಲ್ಲ ಅನ್ನಬಹುದು ನೀವು. 2023ರ ಕಾಯ್ದೆಯ ಮೂರನೇ ಸೆಕ್ಷನ್ ಓದಿ. ವ್ಯಕ್ತಿ ತಾನಾಗೇ ಸಾರ್ವಜನಿಕಗೊಳಿಸಿದ ಮಾಹಿತಿಗೆ ಕಾಯ್ದೆ ಅನ್ವಯಿಸಲ್ಲ. ಅಂದರೆ ನೀವು ಇನ್‌ಸ್ಟಾದಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಿದ ರೀಲ್ಸ್‌ನಿಂದ ಯಾರಾದರೂ ನಿಮ್ಮ ಮೈಯ ಚಲನೆ ತೆಗೆದುಕೊಂಡರೆ ಈ ಕಾಯ್ದೆ ನಿಮ್ಮ ಸಹಾಯಕ್ಕೆ ಬರಲ್ಲ. ಮುಖವಿಲ್ಲದ ಅಂಕಿಗಳು ತಾನೇ, ಯಾರದ್ದು ಅಂತ ಹೇಗೆ ಗೊತ್ತಾಗುತ್ತೆ ಅಂತ ಸಮಾಧಾನ ಪಟ್ಟುಕೊಳ್ಳೋ ಹಾಗೂ ಇಲ್ಲ. 2023ರಲ್ಲಿ ಬರ್ಕ್ಲಿಯ ಸಂಶೋಧಕರು ಬೀಟ್ ಸೇಬರ್ ಅನ್ನುವ ವಿಆರ್ ಆಟ ಆಡಿದ 55 ಸಾವಿರಕ್ಕೂ ಹೆಚ್ಚು ಜನರಲ್ಲಿ ಒಬ್ಬೊಬ್ಬರನ್ನೂ, ಬರೀ ತಲೆ ಮತ್ತು ಕೈಗಳ 100 ಸೆಕೆಂಡಿನ ಚಲನೆಯಿಂದ, ಶೇ. 94ರಷ್ಟು ಸರಿಯಾಗಿ ಗುರುತಿಸಿದರು. ನಡಿಗೆ ನೋಡಿಯೇ ಯಾರ ಮಗ ಅಂತ ನಮ್ಮಜ್ಜಿ ಹೇಳ್ತಿದ್ದರು. ಅಜ್ಜಿಗೆ ಪ್ರಬಂಧ ಬರೆಯೋಕೆ ಬರ್ತಿರಲಿಲ್ಲ ಅಷ್ಟೆ.

ಅಮೆರಿಕದ ವಿಡಿಯೋ ಗೇಮ್ ಕಲಾವಿದರು 2024ರ ಜುಲೈನಿಂದ ಹತ್ತು ತಿಂಗಳಿಗೂ ಹೆಚ್ಚು ಕಾಲ ಮುಷ್ಕರ ಕೂತದ್ದು ಇದೇ ವಿಷಯಕ್ಕೆ. ಮೈಗೆ ಗುಂಡು ಅಂಟಿಸಿಕೊಂಡು ಬೀಳುವ, ಏಳುವ, ಹೊಡೆದಾಡುವ ಕಲಾವಿದರಲ್ಲಿ ಕೆಲವರನ್ನು ಕಂಪನಿಗಳು ಪ್ರದರ್ಶಕರು ಅಂತ ಒಪ್ಪದೆ ಬರೀ ದತ್ತಾಂಶ ಅಂತ ನೋಡುತ್ತಿವೆ ಅನ್ನೋದು ಸಂಘದ ದೂರಾಗಿತ್ತು. 2025ರ ಜುಲೈನಲ್ಲಿ ಹೊಸ ಒಪ್ಪಂದ ಪಾಸಾಯಿತು, ಎಐಗೆ ಬಳಸಬೇಕಾದರೆ ಒಪ್ಪಿಗೆ ಬೇಕು, ಸಂಭಾವನೆ ಬೇಕು ಅಂತ. ಅವರಿಗೆ ಸಂಘ ಇತ್ತು, ಹಾಗಾಗಿ ಸಾಧ್ಯವಾಯಿತು.

ನಮ್ಮಲ್ಲಿ? 2016ರ 'ನಾಗರಹಾವು' ನೆನಪು ಮಾಡಿಕೊಳ್ಳಿ. ತೀರಿಕೊಂಡು ಏಳು ವರ್ಷವಾಗುತ್ತಿದ್ದ ವಿಷ್ಣುವರ್ಧನ್ ತೆರೆಗೆ ಮರಳಿದರು, ಬೇರೊಬ್ಬರ ಮೈಮೇಲೆ ಕಂಪ್ಯೂಟರಿನಲ್ಲಿ ಕಟ್ಟಿದ ಮುಖದೊಂದಿಗೆ. ನಾನೂ ಥಿಯೇಟರಿನಲ್ಲಿ ಶಿಳ್ಳೆ ಹೊಡೆದವನೇ. ಆ ಮೈ ಯಾರದ್ದು ಅಂತ ನಮ್ಮಲ್ಲಿ ಎಷ್ಟು ಜನ ಕೇಳಿದ್ವಿ? 2025ರ ಆಗಸ್ಟಿನಲ್ಲಿ ಕೆಂಗೇರಿ ಹತ್ತಿರದ ಅಭಿಮಾನ್ ಸ್ಟುಡಿಯೋದಲ್ಲಿದ್ದ ಅವರ ಸಮಾಧಿಯನ್ನು ಕೆಡವಿದಾಗ ಅಭಿಮಾನಿಗಳು ಬೀದಿಗೆ ಬಂದರು, ಬರಲೇಬೇಕಿತ್ತು. ಮುಖಕ್ಕೆ ಅಭಿಮಾನಿಗಳಿದ್ದಾರೆ. ಮೈಗೆ ಇಲ್ಲ.

ಇದು ಕುಣಿತಕ್ಕೆ ನಿಲ್ಲುವ ವಿಷಯವೂ ಅಲ್ಲ. ತಮಿಳುನಾಡಿನ ಕರೂರಿನಲ್ಲಿ ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ದಿನಕ್ಕೆ ನೂರಾರು ಸಲ ಟವೆಲ್ ಮಡಚುವ ಕೆಲಸ ಇದೆ ಅಂತ ಕಳೆದ ವರ್ಷ ವರದಿಯಾಗಿತ್ತು. ಅಮೆರಿಕದ ಕಂಪನಿಗಳ ರೋಬೋಗಳಿಗೆ ಕೈ ಹೇಗೆ ಆಡಬೇಕು ಅಂತ ಕಲಿಸೋಕೆ. ಈ ಹುಡುಗನ ಅಮ್ಮ ಸುಂಕದಕಟ್ಟೆಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಕೂರಿಸುವವರು, ಹತ್ತೊಂಬತ್ತು ವರ್ಷದಿಂದ. ಅವರ ಬೆರಳು ಬಟ್ಟೆಯನ್ನು ಸೂಜಿ ಕೆಳಗೆ ತಿರುಗಿಸುವ ರೀತಿಯನ್ನು ಯಾವ ರೋಬೋ ಕಂಪನಿಯೂ ಪುಸ್ತಕದಿಂದ ಕಲಿಯೋಕಾಗಲ್ಲ. ಒಂದು ದಿನ ಸೂಪರ್‌ವೈಸರ್ ಬಂದು, ಇದನ್ನು ಹಣೆಗೆ ಹಾಕ್ಕೊಳ್ರಮ್ಮಾ, ಸೇಫ್ಟಿಗೆ ಅಂದರೆ ಅವರು ಏನು ಮಾಡಬೇಕು? ಕೆಲಸದ ಒಪ್ಪಂದದಲ್ಲಿ ದಿನಕ್ಕಿಷ್ಟು ಗಂಟೆ ದುಡಿಮೆ ಅಂತ ಇರುತ್ತೆ, ದುಡಿಯುವ ಕೈಯ ಚಲನೆ ಯಾರದ್ದು ಅಂತ ಇರಲ್ಲ. ರಾಜ್ಯದಲ್ಲಿ ಗಿಗ್ ಕಾರ್ಮಿಕರಿಗೆ ಕಾಯ್ದೆ ಮಾಡುವಾಗ ಆ್ಯಪ್‌ನ ಅಲ್ಗಾರಿದಂ ಹೇಗೆ ಕೆಲಸ ಮಾಡುತ್ತೆ ಅಂತ ಕಾರ್ಮಿಕನಿಗೆ ಹೇಳಬೇಕು ಅನ್ನೋ ಮಾತು ಬಂತು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟು, ಚಲನೆಯ ದತ್ತಾಂಶಕ್ಕೆ ಬೇರೆಯೇ ಒಪ್ಪಿಗೆ, ಬೇರೆಯೇ ಕೂಲಿ ಅಂತ ಬರೆಯಬಹುದು. ಎವಿಜಿಸಿ ನೀತಿಯಲ್ಲೂ, ಸರ್ಕಾರದ ದುಡ್ಡು ಪಡೆದ ಸ್ಟುಡಿಯೋ ಯಾರ ಮೈಯಿಂದ ಚಲನೆ ತೆಗೆದರೂ ಹೆಸರು ಹಾಕಬೇಕು, ಮರುಬಳಕೆಗೆ ಮತ್ತೆ ದುಡ್ಡು ಕೊಡಬೇಕು ಅಂತ ಒಂದು ಷರತ್ತು ಸೇರಿಸಲು ವಿಧಾನಸಭೆಯಲ್ಲಿ ಮಸೂದೆಯೂ ಬೇಕಿಲ್ಲ, ಸಂಪುಟದ ಒಂದು ನಿರ್ಣಯ ಸಾಕು.

ಹುಡುಗನಿಗೆ ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಮೇಷ್ಟ್ರುತನ ಬಂದಿರಬೇಕು. ಅವನು ತಡೆದ. "ಅಣ್ಣ, 12,000 ಅಂದ್ರೆ ನಂಗೆ ತಿಂಗಳ ಸಂಬಳ. ಒಳ್ಳೇ ಸೆನ್ಸರ್ ಆರೂ ಬರ್ತವೆ." ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾವನಿಗೆ ಅರ್ಧ ಕೊಡೋದು ಅಂತ ಆಗಲೇ ತೀರ್ಮಾನವಾಗಿತ್ತು. ಒಂದು ರಾತ್ರಿ ಉತ್ಸವಕ್ಕೆ ಹೋದರೆ ಅವರಿಗೆ ಸಿಗೋದಕ್ಕಿಂತ ಅದು ಎಷ್ಟೋ ಹೆಚ್ಚು. ಮಾವ ದುಡ್ಡಿನ ಬಗ್ಗೆ ಏನೂ ಕೇಳಲಿಲ್ಲ. ಅಕ್ಕಿ ಚೀಲ ಇಳಿಸಿ, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿ, "ಅಲ್ಲಾ ಸಾ, ಅದ್ರಲ್ಲಿ ನಮ್ ಹೆಸರು ಎಲ್ಲ್ ಬರ್ತದೆ?" ಅಂದರು.

ಬಿವಿಎಚ್ ಫೈಲಿನಲ್ಲಿ ಹೆಸರಿಗೆ ಜಾಗ ಇಲ್ಲ. ಮೂಳೆಗಳಿಗೆ ಮಾತ್ರ ಹೆಸರಿರುತ್ತೆ. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ನೋಟ್‌ಪ್ಯಾಡಿನಲ್ಲಿ ಫೈಲು ತೆರೆದು, ಮೊದಲ ಮೂಳೆಗೆ ಇದ್ದ ಹಿಪ್ಸ್ ಅನ್ನುವ ಹೆಸರು ಅಳಿಸಿ ಅಲ್ಲಿ ಮಾವನ ಹೆಸರು ಬರೆದ. ಬ್ಲೆಂಡರ್ ಏನೂ ತಕರಾರು ಮಾಡದೆ ತೆಗೆದುಕೊಂಡಿತು, ಮಾವನ ಹೆಸರಿಗೆ ಜೋತುಬಿದ್ದ ಅಸ್ಥಿಪಂಜರ ಪರದೆಯಲ್ಲಿ ಚೆಂದವಾಗಿ ಕುಣಿಯಿತು. ಆಮೇಲೆ ಗಿರಾಕಿ ಹೇಳಿದ್ದ ತಂತ್ರಾಂಶದಲ್ಲಿ ಹಾಕಿ ನೋಡಿದ. ಸೊಂಟ ಸಿಗುತ್ತಿಲ್ಲ ಅಂತ ಕೆಂಪು ಅಕ್ಷರದಲ್ಲಿ ಬಂತು.

ಹಿಪ್ಸ್ ಅಂತಲೇ ಮತ್ತೆ ಬರೆದಿಟ್ಟಿದ್ದಾನೆ. ಫೈಲಿನ ಹೆಸರಿಗೆ ಮಾವನ ಹೆಸರು ಸೇರಿಸಿದ್ದಾನೆ, ಅಪ್‌ಲೋಡ್ ಮಾಡುವಾಗ ಆ ಸೈಟು ಅದನ್ನು ನಂಬರಿಗೆ ಬದಲಾಯಿಸುತ್ತಂತೆ. 40ರಲ್ಲಿ 11 ತುಣುಕು ಮುಗಿದಿವೆ, ಇನ್ನೂ ಕಳಿಸಿಲ್ಲ. ಈ ಭಾನುವಾರ ಮಾವ ಮತ್ತೆ ಬರ್ತಾರೆ. ಬಿಸಿಲಿಳಿದ ಮೇಲೆ.